ವಾಲ್ವ್ ತೊಂದರೆ ಇರುವ ಹೆಣ್ಣುಮಕ್ಕಳು ಹಾರ್ಟ್ ಅಟ್ಯಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ 27ನೇ ವಯಸ್ಸಿನಲ್ಲಿ ಮೈಟ್ರಲ್ ವಾಲ್ವ್ ಬದಲಾಯಿಸಿದರು. ಆವತ್ತಿನಿಂದ ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಓಪಿಡಿ ಸಾಲಿನಲ್ಲಿ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇವೆ. ಕೇಳುವವರಲ್ಲಿ ಹೆಚ್ಚಿನವರು ಇಪ್ಪತ್ತು ಮೂವತ್ತರ ಹೆಣ್ಣುಮಕ್ಕಳು, ಇಲ್ಲವೇ ಅವರ ಅಮ್ಮಂದಿರು. ನಾನು ಡಾಕ್ಟರಲ್ಲ. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು, ಡೋಸ್ ಬದಲಾಯಿಸುವುದು ಇವೆಲ್ಲ ನಿಮ್ಮನ್ನು ನೋಡುವ ಹೃದಯದ ಡಾಕ್ಟರ ಕೆಲಸ. ಉಳಿದದ್ದನ್ನು ಇಲ್ಲಿ ಓದಿಕೊಳ್ಳಿ.

ವಾಲ್ವ್ ಕೆಟ್ಟಿದ್ದರೆ ಹಾರ್ಟ್ ಅಟ್ಯಾಕ್ ಆಗೇ ಆಗುತ್ತಾ?

ಇಲ್ಲ. ಎರಡೂ ಬೇರೆ ಬೇರೆ ಕಾಯಿಲೆ.

ಹೊಲದಲ್ಲಿ ಡೀಸೆಲ್ ಪಂಪ್‌ಸೆಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇರುತ್ತದೆ. ಅದು ನೀರನ್ನು ಮೇಲಕ್ಕೆ ಬಿಡುತ್ತದೆ, ವಾಪಸ್ ಇಳಿಯಲು ಬಿಡುವುದಿಲ್ಲ. ಅದು ಸವೆದರೆ ಎಂಜಿನ್ ಎಷ್ಟು ಓಡಿದರೂ ನೀರು ಸರಿಯಾಗಿ ಏರುವುದಿಲ್ಲ. ಎಂಜಿನ್ನಿಗೆ ಡೀಸೆಲ್ ತರುವ ಸಣ್ಣ ಪೈಪು ಇದೆಯಲ್ಲ, ಅದರಲ್ಲಿ ಕಸ ಸಿಕ್ಕಿಕೊಂಡರೆ ಕಥೆಯೇ ಬೇರೆ. ಎಂಜಿನ್ನೇ ನಿಂತುಹೋಗುತ್ತದೆ.

ಹೃದಯದಲ್ಲಿ ಇಂಥ ನಾಲ್ಕು ವಾಲ್ವ್‌ಗಳಿವೆ: ಮೈಟ್ರಲ್, ಅಯೋರ್ಟಿಕ್, ಟ್ರೈಕಸ್ಪಿಡ್, ಪಲ್ಮನರಿ. ಇವು ಕಿರಿದಾಗುವುದು ಅಥವಾ ಸೋರುವುದು ವಾಲ್ವ್ ಕಾಯಿಲೆ. ಹೃದಯದ ಮಾಂಸಖಂಡಕ್ಕೇ ರಕ್ತ ಕೊಡುವ ಕೊರೊನರಿ ರಕ್ತನಾಳ ಕಟ್ಟಿಕೊಂಡು, ಆ ಭಾಗ ರಕ್ತವಿಲ್ಲದೆ ಸಾಯಲು ಶುರುವಾದರೆ ಅದು ಹಾರ್ಟ್ ಅಟ್ಯಾಕ್. ಇನ್ನು ಹಾರ್ಟ್ ಫೇಲ್ ಅಂದರೆ ಹೃದಯಕ್ಕೆ ಸುಸ್ತಾಗಿ ರಕ್ತ ತಳ್ಳಲು ಆಗದ ಸ್ಥಿತಿ. ವಾಲ್ವ್ ಕಾಯಿಲೆಗೆ ಚಿಕಿತ್ಸೆ ತೆಗೆದುಕೊಳ್ಳದೆ ಬಿಟ್ಟರೆ ಸಾಮಾನ್ಯವಾಗಿ ಹೋಗಿ ನಿಲ್ಲುವುದು ಇಲ್ಲಿಗೆ. ಊರ ಕಡೆ ಮೂರನ್ನೂ ಸೇರಿಸಿ "ಹಾರ್ಟ್ ಪ್ರಾಬ್ಲಮ್" ಅಂದುಬಿಡುತ್ತಾರೆ. ಅರ್ಧ ಗಾಬರಿ ಹುಟ್ಟುವುದೇ ಅಲ್ಲಿ.

ಹಾಗಾದ್ರೆ ಎರಡಕ್ಕೂ ಸಂಬಂಧವೇ ಇಲ್ವಾ?

ಇದೆ, ಆದರೆ ದಾರಿ ಬೇರೆ. ಐವತ್ತು ದಾಟಿದ ಗಂಡಸರಿಗೆ ಸಾಮಾನ್ಯವಾಗಿ ಅಟ್ಯಾಕ್ ಆಗುವುದು ರಕ್ತನಾಳದ ಗೋಡೆಗೆ ಕೊಬ್ಬು ಅಂಟಿ. ವಾಲ್ವ್ ತೊಂದರೆ ಇರುವ ಚಿಕ್ಕ ವಯಸ್ಸಿನವರಲ್ಲಿ ಮೊದಲು ಯೋಚಿಸಬೇಕಾದದ್ದು ರಕ್ತದ ಗಡ್ಡೆ, ಅಂದರೆ ಕ್ಲಾಟ್.

ಮೈಟ್ರಲ್ ವಾಲ್ವ್ ಕಿರಿದಾದಾಗ ರಕ್ತ ಹೃದಯದ ಎಡ ಮೇಲಿನ ಕೋಣೆಯಲ್ಲಿ ನಿಂತು ನಿಂತು ಹೋಗುತ್ತದೆ. ಆ ಕೋಣೆ ಊದಿಕೊಳ್ಳುತ್ತದೆ. ಆಮೇಲೆ ಬಡಿತ ತಾಳ ತಪ್ಪುತ್ತದೆ. ಇದನ್ನು ಡಾಕ್ಟರುಗಳು ಎಎಫ್ ಅನ್ನುತ್ತಾರೆ. ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಹೊರಟು ಕೊರೊನರಿ ನಾಳಕ್ಕೆ ಸೇರಿಕೊಂಡರೆ, ಕೊಬ್ಬಿನ ಲವಲೇಶವಿಲ್ಲದ ಶುದ್ಧ ನಾಳದಲ್ಲೂ ಅಟ್ಯಾಕ್ ಆಗಬಹುದು. ಇದು ಅಪರೂಪ. ಅಂಥ ಚೂರು ಜಾಸ್ತಿ ಹೋಗುವುದು ಮೆದುಳಿಗೆ. ಆಗ ಆಗುವುದು ಲಕ್ವ, ಅಂದರೆ ಸ್ಟ್ರೋಕ್. ನನ್ನನ್ನು ಕೇಳಿದರೆ, ಮೈಟ್ರಲ್ ವಾಲ್ವ್ ಕಿರಿದಾದ ಹುಡುಗಿ ಅಟ್ಯಾಕ್‌ಗಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ.

ಲೋಹದ ವಾಲ್ವ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ಬಿಟ್ಟವರಿಗೂ ಇದೇ ಅಪಾಯ. ವಾಲ್ವಿಗೆ ಸೋಂಕು ತಗುಲಿದರೆ ಅಲ್ಲಿ ಬೆಳೆಯುವ ಗಂಟಿನ ಚೂರೂ ಹೀಗೇ ಹೊರಡಬಹುದು.

ಅಯೋರ್ಟಿಕ್ ವಾಲ್ವ್ ತುಂಬ ಕಿರಿದಾದಾಗ ಇನ್ನೊಂದು ಥರ. ಅಷ್ಟು ಸಣ್ಣ ಬಾಯಿಂದ ರಕ್ತ ತಳ್ಳಿ ತಳ್ಳಿ ಹೃದಯದ ಗೋಡೆ ದಪ್ಪವಾಗುತ್ತದೆ. ದಪ್ಪ ಗೋಡೆಗೆ ರಕ್ತ ಜಾಸ್ತಿ ಬೇಕು, ಬರುವುದು ಸಾಲುವುದಿಲ್ಲ. ನಾಳದಲ್ಲಿ ಬ್ಲಾಕ್ ಇಲ್ಲದಿದ್ದರೂ ನಡೆದಾಗ ಎದೆ ಬಿಗಿಯುತ್ತದೆ, ಕೆಲವರು ತಲೆಸುತ್ತಿ ಬೀಳುತ್ತಾರೆ. ಮೂರು ಎಸಳು ಇರಬೇಕಾದ ಕಡೆ ಎರಡೇ ಎಸಳಿನ ಅಯೋರ್ಟಿಕ್ ವಾಲ್ವ್ ಹುಟ್ಟಿನಿಂದಲೇ ಇರುವವರು ನೂರಕ್ಕೆ ಒಬ್ಬಿಬ್ಬರು ಇದ್ದಾರೆ. ಅವರಲ್ಲಿ ಇದು ಬೇಗ ಬರಬಹುದು.

ಎಕೋ ರಿಪೋರ್ಟಲ್ಲಿ "ಟ್ರಿವಿಯಲ್ ಎಂಆರ್, ಮೈಲ್ಡ್ ಟಿಆರ್" ಅಂತ ಬರೆದಿದ್ದಾರೆ. ಮದುವೆ ನಿಂತು ಹೋಗೋ ಥರ ಆಗಿದೆ!

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಕೇಳಿದವರ ಮೇಲಲ್ಲ. ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಎಂಆರ್ ಅಂದರೆ ಮೈಟ್ರಲ್ ವಾಲ್ವಿನ ಸೋರಿಕೆ, ಟಿಆರ್ ಅಂದರೆ ಟ್ರೈಕಸ್ಪಿಡ್ ವಾಲ್ವಿನದು. ಟ್ರಿವಿಯಲ್ ಅಂದರೆ ಲೆಕ್ಕಕ್ಕಿಲ್ಲದಷ್ಟು. ಈಗಿನ ಎಕೋ ಯಂತ್ರಗಳು ಎಷ್ಟು ಸೂಕ್ಷ್ಮ ಅಂದರೆ, ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಎಷ್ಟೋ ಜನರಲ್ಲಿ ಇಂಥ ಚೂರುಪಾರು ಸೋರಿಕೆ ಕಾಣಿಸುತ್ತದೆ. ಕಂಡದ್ದನ್ನು ಬರೆಯುವುದು ಅವರ ಕೆಲಸ, ಬರೆದಿದ್ದಾರೆ. ಅದಷ್ಟೇ ಇದ್ದರೆ ಅದು ಕಾಯಿಲೆಯಲ್ಲ.

ರಿಪೋರ್ಟಿನಲ್ಲಿ ನೋಡಬೇಕಾದದ್ದು ಬೇರೆ. ವಾಲ್ವಿನ ಎಸಳು ದಪ್ಪಗಾಗಿದೆ, ಅಂಟಿಕೊಂಡಿದೆ ಅಂತ ಇದೆಯೇ? "ರುಮ್ಯಾಟಿಕ್" ಅನ್ನುವ ಪದ ಇದೆಯೇ? ಸೋರಿಕೆ ಮಾಡರೇಟ್ ಅಥವಾ ಸಿವಿಯರ್ ಅಂತ ಇದೆಯೇ? ಇದ್ದರೆ ಕಾರ್ಡಿಯಾಲಜಿಸ್ಟ್ ಹತ್ತಿರ ಕೂತು ಮಾತಾಡಿ. ರಿಪೋರ್ಟನ್ನು ಫೋಟೋ ತೆಗೆದು ನೆಂಟರ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ.

ನಂಗೆ ಎಂವಿಪಿ ಇದೆ ಅಂದ್ರು. ಎದೆ ಚುಚ್ಚುತ್ತೆ, ಢವಢವ ಅನ್ನುತ್ತೆ. ಇದು ಅಟ್ಯಾಕಾ?

ಎಂವಿಪಿ ಅಂದರೆ ಮೈಟ್ರಲ್ ವಾಲ್ವಿನ ಎಸಳು ಮುಚ್ಚುವಾಗ ಸ್ವಲ್ಪ ಹಿಂದಕ್ಕೆ ಉಬ್ಬುವುದು. ನೂರಕ್ಕೆ ಎರಡು ಮೂರು ಜನರಲ್ಲಿ ಇದೆ. ಬಹಳಷ್ಟು ಜನರಿಗೆ ಇದರಿಂದ ಆಯುಷ್ಯಕ್ಕೇನೂ ಕಡಿಮೆಯಿಲ್ಲ. ಚುಚ್ಚುವ ನೋವು ಬಂದು ಹೋಗುವುದು, ಬಡಿತ ತಪ್ಪಿದಂತಾಗುವುದು ಇವರಲ್ಲಿ ಕಾಣುತ್ತದೆ. ಅದು ಸಾಮಾನ್ಯವಾಗಿ ರಕ್ತನಾಳ ಕಟ್ಟಿದ ನೋವಲ್ಲ. ಆದರೆ ಸೋರಿಕೆ ಜಾಸ್ತಿ ಇದ್ದರೆ, ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಡಾಕ್ಟರಿಗೆ ಬಿಡಿಸಿ ಹೇಳಿ. ಅಂಥವರಿಗೆ 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡುತ್ತಾರೆ.

ಇಷ್ಟು ಚಿಕ್ಕ ವಯಸ್ಸಿಗೆ ವಾಲ್ವ್ ಹಾಳಾಗೋದಾದ್ರೂ ಯಾಕೆ?

ನಮ್ಮ ಕಡೆ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಅದರ ಮೇಲೆ ಯುದ್ಧಕ್ಕೆ ಹೊರಟ ದೇಹ, ಎರಡು ಮೂರು ವಾರದ ನಂತರ ತನ್ನದೇ ಕೀಲು ಮತ್ತು ಹೃದಯದ ಮೇಲೂ ತಿರುಗಿ ಬೀಳುತ್ತದೆ. ಮಂಡಿ ಊದಿಕೊಂಡು, ಅದು ಇಳಿದು, ಮೊಣಕೈ ಊದಿಕೊಳ್ಳುತ್ತದೆ. "ಬೆಳೆಯೋ ಮಕ್ಕಳಿಗೆ ಕೈಕಾಲು ನೋವು ಬರುತ್ತೆ ಬಿಡು" ಅಂದು ಎಣ್ಣೆ ತಿಕ್ಕುತ್ತಾರೆ. ನೋವು ಹೋಗುತ್ತದೆ. ಆದರೆ ವಾಲ್ವಿನ ಗಾಯ ಒಳಗೊಳಗೇ ಗಟ್ಟಿಯಾಗುತ್ತ ವರ್ಷಗಟ್ಟಲೆ ಸುಮ್ಮನಿರುತ್ತದೆ. ಮೈಟ್ರಲ್ ವಾಲ್ವ್ ಹೀಗೆ ಕಿರಿದಾಗುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನನಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ರಾತ್ರಿ ಎರಡು ದಿಂಬು ಇಲ್ಲದೆ ಮಲಗಲು ಆಗುತ್ತಿರಲಿಲ್ಲ. ನಾನು ತೋರಿಸಿಕೊಂಡ ಕ್ಲಿನಿಕ್ಕಿನಲ್ಲಿ ಎರಡು ವರ್ಷ ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಸ್ಟೆಥಾಸ್ಕೋಪನ್ನು ಎದೆಗೆ ಸರಿಯಾಗಿ ಇಟ್ಟು ಕೇಳಿದ್ದರೆ ಆವತ್ತೇ ಗೊತ್ತಾಗುತ್ತಿತ್ತೇನೋ. ಹೆಣ್ಣುಮಕ್ಕಳ ಸುಸ್ತಿಗೆ ನಮ್ಮಲ್ಲಿ ಮೂರೇ ಹೆಸರು, ಅಲ್ವಾ? ರಕ್ತ ಕಡಿಮೆ, ಗ್ಯಾಸ್ಟ್ರಿಕ್, ಟೆನ್ಷನ್.

ಒಮ್ಮೆ ರುಮ್ಯಾಟಿಕ್ ಅಂತ ಗೊತ್ತಾದರೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ ಬೆನ್ಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಜನ ಪೆನಿಡ್ಯೂರ್ ಇಂಜೆಕ್ಷನ್ ಅನ್ನುವುದು ಇದನ್ನೇ. ನೋವು ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಜ್ವರ ಮತ್ತೆ ಬಂದು ವಾಲ್ವ್ ಇನ್ನಷ್ಟು ಕೆಡುವುದನ್ನು ತಡೆಯುವುದು ಅದೇ. ವಾಲ್ವ್ ಕೆಟ್ಟಿರುವವರಿಗೆ ನಲವತ್ತನೇ ವಯಸ್ಸಿನವರೆಗೂ ಬೇಕಾಗಬಹುದು. ಮದುವೆಯಾಗಿ ಊರು ಬದಲಾದಾಗ ಎಷ್ಟೋ ಹುಡುಗಿಯರ ಇಂಜೆಕ್ಷನ್ ಅಲ್ಲಿಗೇ ನಿಂತುಹೋಗುತ್ತದೆ.

ಹಾಸನದ ಸುದ್ದಿ ನೋಡಿದ್ಮೇಲೆ ನಿದ್ದೆ ಬರ್ತಿಲ್ಲ. ನಾನೂ ಹೋಗಿ ಚೆಕ್ ಮಾಡಿಸ್ಲಾ?

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವವೇ ಜನ ಸಾಲು ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಆ ಅವಧಿಯಲ್ಲಿ ಅಸಹಜ ಏರಿಕೆ ಆಗಿಲ್ಲ ಅನ್ನುವುದು ಅವರ ವರದಿಯ ಸಾರ. ಸುಮ್ನೆ ಹೆದರಿ ಓಡುವುದರಿಂದ ಏನೂ ಸಿಗುವುದಿಲ್ಲ. ವಾಲ್ವ್ ತೊಂದರೆ ಇದೆ ಅಂತ ಗೊತ್ತಿದ್ದೂ ಎಕೋ ಮಾಡಿಸುವ ದಿನ ದಾಟಿಹೋಗಿದ್ದರೆ ಅದಕ್ಕೆ ಹೋಗಿ.

ನನ್ನಂಥವರಿಗೆ ನಿಜವಾದ ಅಟ್ಯಾಕ್ ಅಪಾಯ ಜಾಸ್ತಿ ಮಾಡೋದು ಯಾವುದು?

ಎಲ್ಲರಿಗೂ ಇರುವುದೇ: ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು, ಹೊಗೆಸೊಪ್ಪು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಅಟ್ಯಾಕ್ ಆದವರಿರುವುದು. ಹೆಂಗಸರಿಗೆ ಇನ್ನೂ ಕೆಲವು ಸೇರುತ್ತವೆ. ಬಸುರಿಯಾಗಿದ್ದಾಗ ಬಂದ ಬಿಪಿ ಅಥವಾ ಶುಗರ್, ಬೇಗ ಮುಟ್ಟು ನಿಲ್ಲುವುದು, ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುವ ಲೂಪಸ್‌ನಂಥ ಕಾಯಿಲೆ. ಲೂಪಸ್ ವಾಲ್ವನ್ನೂ ಕೆಡಿಸಬಲ್ಲದು, ರಕ್ತನಾಳವನ್ನೂ ಕೆಡಿಸಬಲ್ಲದು. ಚಿಕ್ಕಂದಿನಲ್ಲಿ ಕ್ಯಾನ್ಸರ್‌ಗೆ ಎದೆಗೆ ರೇಡಿಯೇಷನ್ ಕೊಟ್ಟಿದ್ದರೂ ಹಾಗೇ. ಇವು ಇದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಎದೆ ನೋವು ಬಂದ್ರೆ ವಾಲ್ವಿಂದೋ, ಅಟ್ಯಾಕೋ ಹೇಗೆ ಗೊತ್ತಾಗುತ್ತೆ?

ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ. ಗೊತ್ತು ಮಾಡಿಕೊಳ್ಳಲು ಹೋಗಲೂಬೇಡಿ. ಅದಕ್ಕೆ ಇಸಿಜಿ ಬೇಕು, ಟ್ರೋಪೋನಿನ್ ರಕ್ತ ಪರೀಕ್ಷೆ ಬೇಕು.

ಅಟ್ಯಾಕಿನ ಲಕ್ಷಣಗಳು ಇವು: ಎದೆಯ ಮೇಲೆ ಕಲ್ಲು ಹೇರಿದಂತೆ ಒತ್ತಡ, ಅದು ಹದಿನೈದು ಇಪ್ಪತ್ತು ನಿಮಿಷವಾದರೂ ಹೋಗದಿರುವುದು, ದವಡೆ, ಕುತ್ತಿಗೆ, ಬೆನ್ನು, ತೋಳಿಗೆ ಹರಿಯುವುದು, ತಣ್ಣನೆ ಬೆವರು, ವಾಂತಿ ಬಂದಂತಾಗುವುದು. ಹೆಂಗಸರಲ್ಲಿ ಎದೆ ನೋವಿನ ಜೊತೆ ಉಸಿರು ಕಟ್ಟುವುದು, ವಿಪರೀತ ಸುಸ್ತು, ಹೊಟ್ಟೆ ಸಂಕಟ ಇವೂ ಕಾಣುತ್ತವೆ. ಕೆಲವರಿಗೆ ಎದೆ ನೋವು ಇರುವುದೇ ಇಲ್ಲ. ಇದಲ್ಲದೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಲಕ್ವ. ಯಾವುದೇ ಆಗಲಿ, 108ಕ್ಕೆ ಫೋನ್ ಮಾಡಿ. ಜೀರಿಗೆ ಕಷಾಯ ಕುಡಿದು ಕಾಯಬೇಡಿ.

ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯವಿದ್ದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಇಲ್ಲೇ ನಮ್ಮಂಥವರಿಗೆ ಒಂದು ಮುಖ್ಯ ಮಾತು. ನೀವು ವಾರ್ಫರಿನ್ ಅಥವಾ ಅಸಿಟ್ರಾಮ್ ಅನ್ನುವ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಳಗೆ ಕಾಲಿಟ್ಟ ಕೂಡಲೇ ಅದನ್ನು ಹೇಳಿ. ಬಸುರಿಯಾಗಿದ್ದರೆ ಅದನ್ನೂ ಹೇಳಿ. ರಕ್ತ ಈಗಾಗಲೇ ತೆಳುವಾಗಿರುವವರಿಗೆ ಆ ಇಂಜೆಕ್ಷನ್ನಿನಿಂದ ರಕ್ತಸ್ರಾವದ ಅಪಾಯ ಜಾಸ್ತಿ. ಯಾರೋ ಹೇಳಿದರು ಅಂತ ಮನೆಯಲ್ಲೇ ಆಸ್ಪಿರಿನ್ ನುಂಗುವುದಂತೂ ಬೇಡವೇ ಬೇಡ. ನನ್ನ ಪರ್ಸಿನಲ್ಲಿ ಒಂದು ಚೀಟಿ ಇರುತ್ತದೆ: ಯಾವ ವಾಲ್ವ್, ಯಾವ ವರ್ಷ, ಯಾವ ಮಾತ್ರೆ, ಕೊನೆಯ ಐಎನ್‌ಆರ್ ಎಷ್ಟು.

ಐಎನ್‌ಆರ್ ಅಂದ್ರೆ ಏನು? ಯಾಕೆ ಎಲ್ರೂ ಅದನ್ನೇ ಕೇಳ್ತಾರೆ?

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅನ್ನುವ ಲೆಕ್ಕ. ಮಾತ್ರೆ ತೆಗೆದುಕೊಳ್ಳದವರಿಗೆ ಸುಮಾರು 1. ಲೋಹದ ಮೈಟ್ರಲ್ ವಾಲ್ವ್ ಇರುವವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಲಿ ಅನ್ನುತ್ತಾರೆ. ಅಯೋರ್ಟಿಕ್ ಆದರೆ ಸ್ವಲ್ಪ ಕಡಿಮೆ. ನಿಮ್ಮ ಗುರಿ ಎಷ್ಟು ಅಂತ ನಿಮ್ಮ ಪುಸ್ತಕದಲ್ಲಿ ಬರೆಸಿಕೊಳ್ಳಿ. ಕಡಿಮೆಯಾದರೆ ಗಡ್ಡೆ, ಜಾಸ್ತಿಯಾದರೆ ರಕ್ತಸ್ರಾವ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಡಾಕ್ಟರನ್ನು ಕೇಳಿ.

"ಈಗ ಹೊಸ ಮಾತ್ರೆ ಬಂದಿದೆಯಂತೆ, ರಕ್ತ ಪರೀಕ್ಷೆಯೇ ಬೇಡವಂತೆ" ಅನ್ನುವವರಿದ್ದಾರೆ. ನಿಜ, ಆದರೆ ನಮಗಲ್ಲ. ಲೋಹದ ವಾಲ್ವ್ ಇದ್ದವರಿಗೆ ಡಾಬಿಗಟ್ರಾನ್ ಅನ್ನುವ ಹೊಸ ಮಾತ್ರೆ ಕೊಟ್ಟು ನೋಡಿದಾಗ ಗಡ್ಡೆಯೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಯಿತು. ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. ರುಮ್ಯಾಟಿಕ್ ವಾಲ್ವ್ ಜೊತೆ ಎಎಫ್ ಇದ್ದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಹಳೇ ವಾರ್ಫರಿನ್ ಗುಂಪಿನ ಮಾತ್ರೆಯೇ ಹೊಸ ರಿವರೊಕ್ಸಬಾನ್‌ಗಿಂತ ಮೇಲು ಅಂತ ಬಂತು.

ಸೊಪ್ಪು ಬಿಡಬೇಕಾ?

ಬಿಡಬೇಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ, ಅದು ನಿಜ. ತೊಂದರೆ ಬರುವುದು ಒಂದು ವಾರ ದಿನಾ ಮಸ್ಸೊಪ್ಪು, ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ಮುಂದಿನ ವಾರ ಒಂದೆಲೆಯೂ ಇಲ್ಲ ಅಂದಾಗ. ಸುಮಾರಾಗಿ ಒಂದೇ ಅಳತೆಯಲ್ಲಿ ತಿನ್ನಿ. ಅದಕ್ಕಿಂತ ಹುಷಾರಾಗಿರಬೇಕಾದದ್ದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಇವು ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಬರಬಹುದು.

ಮುಟ್ಟಿನಲ್ಲಿ ತುಂಬ ಹೋಗುತ್ತೆ. ಆ ನಾಲ್ಕು ದಿನ ಮಾತ್ರೆ ಬಿಡ್ಲಾ?

ಬಿಡಬೇಡಿ. ವಾಲ್ವಿನಲ್ಲಿ ಗಡ್ಡೆ ಕಟ್ಟಲು ಆ ನಾಲ್ಕು ದಿನವೇ ಸಾಕಾಗಬಹುದು. ಹೆಂಗಸರ ಡಾಕ್ಟರಿಗೆ ತೋರಿಸಿ, ಸ್ರಾವ ಕಡಿಮೆ ಮಾಡುವ ದಾರಿಗಳಿವೆ. ನಾಚಿಕೆಗೆ ಯಾರಿಗೂ ಹೇಳದೆ ತಿಂಗಳು ತಿಂಗಳೂ ಮಾತ್ರೆ ಬಿಡುವವರನ್ನು ನಾನು ನೋಡಿದ್ದೇನೆ.

ಮಗು ಮಾಡಿಕೊಳ್ಳಬಹುದಾ? ಹೆರಿಗೆಯಲ್ಲಿ ಅಟ್ಯಾಕ್ ಆಗುತ್ತಾ?

ಬಹಳ ಜನ ಮಾಡಿಕೊಂಡಿದ್ದಾರೆ. ಆದರೆ ಮೊದಲು ಎಕೋ, ಆಮೇಲೆ ಬಸಿರು. ಈ ಕ್ರಮ ತಪ್ಪಬಾರದು.

ಬಸಿರಿನಲ್ಲಿ ದೇಹದ ರಕ್ತ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಬಡಿತವೂ ಜೋರಾಗುತ್ತದೆ. ಸೋರುವ ವಾಲ್ವ್ ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಕಿರಿದಾದ ವಾಲ್ವಿಗೆ ಆಗುವುದಿಲ್ಲ. ಅಲ್ಲಿಯವರೆಗೆ ಏನೂ ಗೊತ್ತಿಲ್ಲದ ಹುಡುಗಿಗೆ ಆರು ಏಳು ತಿಂಗಳಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎಷ್ಟೋ ಜನರಿಗೆ ವಾಲ್ವ್ ಕಾಯಿಲೆ ಮೊದಲು ಗೊತ್ತಾಗುವುದೇ ಆಗ. "ಬಸುರಿ ಅಂದ್ಮೇಲೆ ಏದುಸಿರು ಇರೋದೇ" ಅನ್ನುವ ಅತ್ತೆಯ ಮಾತು ಅರ್ಧ ನಿಜ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ, ಕೆಮ್ಮಿದಾಗ ರಕ್ತ ಬಂದರೆ ಅದು "ಇರೋದೇ" ಅಲ್ಲ. ಹೆರಿಗೆ ಆದ ಮೇಲಿನ ಒಂದೆರಡು ದಿನವೂ ಅಪಾಯದ ಹೊತ್ತೇ.

ಮೈಟ್ರಲ್ ವಾಲ್ವ್ ತುಂಬ ಕಿರಿದಾಗಿದ್ದರೆ ಬಸಿರಿಗೆ ಮುಂಚೆಯೇ ಬಲೂನ್ ಮಾಡಿಸುವುದು ಒಳ್ಳೆಯದು. ತೊಡೆಸಂದಿನ ರಕ್ತನಾಳದಿಂದ ಬಲೂನು ತೂರಿಸಿ, ಅಂಟಿದ ಎಸಳು ಬಿಡಿಸುತ್ತಾರೆ. ಎದೆ ಕೊಯ್ಯುವುದಿಲ್ಲ. ಜಪಾನಿನ ಕಾಂಜಿ ಇನೌಯೆ ಈ ಬಲೂನನ್ನು 1980ರ ದಶಕದಲ್ಲಿ ತಂದರು. ನಮ್ಮ ಜಯದೇವದಲ್ಲಿ ಇದು ದಿನನಿತ್ಯದ ಕೆಲಸ. ತೀರಾ ಬೇಕಾದರೆ ಬಸಿರಿನಲ್ಲೂ, ಸಾಮಾನ್ಯವಾಗಿ ಐದು ತಿಂಗಳು ತುಂಬಿದ ಮೇಲೆ, ಮಾಡುತ್ತಾರೆ.

ಲೋಹದ ವಾಲ್ವ್ ಇದ್ದರೆ ವಿಷಯ ಕಷ್ಟದ್ದು. ವಾರ್ಫರಿನ್ ಆರರಿಂದ ಹನ್ನೆರಡನೇ ವಾರದೊಳಗೆ ಮಗುವಿನ ಮೂಳೆ, ಮೂಗಿನ ಬೆಳವಣಿಗೆಗೆ ತೊಂದರೆ ಮಾಡಬಹುದು. ಬಿಟ್ಟರೆ ತಾಯಿಯ ವಾಲ್ವ್ ಕಟ್ಟಿಕೊಳ್ಳುತ್ತದೆ. ರಕ್ತ ತೆಳು ಮಾಡುವ ಹೆಪಾರಿನ್ ಇಂಜೆಕ್ಷನ್ನಿಗೆ ಬದಲಾಯಿಸುವುದೋ, ಕಡಿಮೆ ಡೋಸ್ ಆದರೆ ಅದನ್ನೇ ಮುಂದುವರಿಸುವುದೋ ಅಂತ ಡಾಕ್ಟರು ಒಬ್ಬೊಬ್ಬರಿಗೆ ಒಂದೊಂದು ಥರ ನಿರ್ಧರಿಸುತ್ತಾರೆ. ಮುಟ್ಟು ಒಂದು ವಾರ ತಡವಾದರೂ ಫೋನ್ ಮಾಡಿ. ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಅಟ್ಯಾಕ್. ಅದೇ ವಯಸ್ಸಿನ ಬೇರೆ ಹೆಂಗಸರಿಗೆ ಹೋಲಿಸಿದರೆ ಬಸಿರು, ಬಾಣಂತನದಲ್ಲಿ ಅಪಾಯ ಸುಮಾರು ಮೂರು ಪಟ್ಟು. ಆದರೂ ಒಟ್ಟಾರೆ ತೀರಾ ಅಪರೂಪ. ಆಗ ಅದಕ್ಕೆ ದೊಡ್ಡ ಕಾರಣ ಕೊರೊನರಿ ನಾಳದ ಒಳಪದರ ತಾನಾಗಿ ಸೀಳುವುದು. ವಾಲ್ವ್ ಚೆನ್ನಾಗಿದ್ದವರಿಗೂ ಅದು ಆಗಬಹುದು.

ಗರ್ಭ ತಡೆಯೋ ಗುಳಿಗೆ ತಗೋಬಹುದಾ?

ಈಸ್ಟ್ರೋಜನ್ ಇರುವ ಗುಳಿಗೆ ಗಡ್ಡೆ ಕಟ್ಟುವುದನ್ನು ಹೆಚ್ಚಿಸುತ್ತದೆ. ಲೋಹದ ವಾಲ್ವ್, ಕಿರಿದಾದ ಮೈಟ್ರಲ್ ವಾಲ್ವ್, ಎಎಫ್ ಇರುವವರಿಗೆ ಅದು ಬೇಡ. ಮುಟ್ಟು ಮುಂದೂಡಲು ಹಬ್ಬದ ಹಿಂದಿನ ದಿನ ಯಾರದೋ ಗುಳಿಗೆ ನುಂಗುವುದೂ ಬೇಡ. ಪ್ರೊಜೆಸ್ಟರಾನ್ ಮಾತ್ರ ಇರುವವು, ವಂಕಿಯಂಥ ಬೇರೆ ದಾರಿಗಳಿವೆ, ಕೇಳಿ.

ಹಲ್ಲು ಕೀಳಿಸೋಕೂ ಹಾರ್ಟ್ ಡಾಕ್ಟರನ್ನ ಕೇಳ್ಬೇಕಾ?

ವಾಲ್ವ್ ಬದಲಾಯಿಸಿದ್ದರೆ, ಅಥವಾ ಹಿಂದೆ ವಾಲ್ವಿಗೆ ಸೋಂಕು ಆಗಿದ್ದರೆ ಹೌದು. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ವಾಲ್ವಿನ ಮೇಲೆ ಕೂರಬಹುದು. ಅದಕ್ಕೆ ಅರ್ಧ, ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ಕೊಡುತ್ತಾರೆ. ಬರೀ ಎಂವಿಪಿ ಇದ್ದರೆ ಬೇಕಿಲ್ಲ. ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ ಬಂದರೆ ವೈರಲ್ ಅಂದುಕೊಳ್ಳದೆ, ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಅಂತ ನೋಡುವ ಬ್ಲಡ್ ಕಲ್ಚರ್ ಮಾಡಿಸಲು ಕೇಳಿ.

ಆಂಜಿಯೋಗ್ರಾಮ್ ಮಾಡಿಸಿಬಿಟ್ರೆ ನೆಮ್ಮದಿ ಅಲ್ವಾ?

ಕೊರೊನರಿ ನಾಳದಲ್ಲಿ ಬ್ಲಾಕ್ ಇದೆಯೇ ಅಂತ ನೋಡುವ ಪರೀಕ್ಷೆ ಇದು. ವಾಲ್ವ್ ಆಪರೇಷನ್ನಿಗೆ ಮುಂಚೆ ನಲವತ್ತು ದಾಟಿದ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ, ಅಪಾಯದ ಲಕ್ಷಣಗಳಿರುವವರಿಗೆ ಮಾಡುತ್ತಾರೆ. ಇಪ್ಪತ್ತೆಂಟರ ಹುಡುಗಿಗೆ ಶುಗರ್, ಬಿಪಿ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ವಾಲ್ವ್ ಟಿಕ್ ಟಿಕ್ ಅಂತ ಶಬ್ದ ಮಾಡುತ್ತಂತಲ್ಲ, ನಿಜವಾ?

ನಿಜ. ನನ್ನೊಳಗಿರುವುದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಅವರ ತಂಡ ವರ್ಷಗಟ್ಟಲೆ ಕೂತು ಮಾಡಿದ್ದು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ಮೊದಮೊದಲು ರಾತ್ರಿಯ ನಿಶ್ಶಬ್ದದಲ್ಲಿ ಆ ಟಿಕ್ ಟಿಕ್ ಕೇಳಿ ನಿದ್ದೆ ಬರುತ್ತಿರಲಿಲ್ಲ. ಈಗ ಪಕ್ಕದಲ್ಲಿ ಮಲಗುವ ಮಗಳು ಅದನ್ನು ಎಣಿಸುತ್ತ ನಿದ್ದೆ ಹೋಗುತ್ತಾಳೆ. ಆ ಶಬ್ದ ಇದ್ದಕ್ಕಿದ್ದಂತೆ ಮಂಕಾದರೆ ಅಥವಾ ಕೇಳಿಸದೇ ಹೋದರೆ, ಜೊತೆಗೆ ಉಸಿರು ಕಟ್ಟಿದರೆ, ವಾಲ್ವ್ ಸಿಕ್ಕಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೊರಡಿ. ಚೀಟಿ ಪರ್ಸಿನಲ್ಲೇ ಇರುತ್ತದೆ, ಮರೆಯಬೇಡಿ.